ಒಂದು ಮನೆ, ಒಂದು ತಂತಿ, ಹಲವು ಕೈ

ರಾತ್ರಿ ಎಂಟು ಗಂಟೆಯ ಹೊತ್ತಿಗೆ ನಮ್ಮ ನಾಡಿನ ಅನೇಕ ಮನೆಗಳಲ್ಲಿ ಒಂದು ಪುಟ್ಟ ನ್ಯಾಯಾಲಯ ಸೇರುತ್ತದೆ. ಫಿರ್ಯಾದಿ ಮನೆಯ ಮಗಳು. ಪರದೆಯ ಮೇಲೆ ಪಾಠ ಕೇಳುತ್ತಿದ್ದವಳಿಗೆ ಉಪಾಧ್ಯಾಯರ ಮುಖ ನಡುವೆಯೇ ಕಲ್ಲಿನಂತೆ ನಿಂತುಬಿಟ್ಟಿದೆ. ಸಾಕ್ಷಿ ತಾಯಿ. ಪರದೇಶದಲ್ಲಿರುವ ತಮ್ಮನೊಡನೆ ಮಾತನಾಡಲು ಕುಳಿತ ಅವರಿಗೂ ಅದೇ ಅನುಭವ. ಆಪಾದಿತನೆಂದರೆ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಹೆಡ್‌ಫೋನ್ ಏರಿಸಿಕೊಂಡು ಕುಳಿತಿರುವ ಹುಡುಗ. ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: “ಇವನ ಆಟವೇ ಇಂಟರ್‌ನೆಟ್ಟನ್ನೆಲ್ಲ ನುಂಗಿಬಿಡುತ್ತದೆ. ಮೊದಲು ಅದನ್ನು ನಿಲ್ಲಿಸು.” ತನ್ನ ಆಟವೂ ತಡೆತಡೆದು ಸಾಗುತ್ತಿದೆ ಎಂದು ಹುಡುಗ ಹೇಳಿದರೆ ಅದನ್ನು ಕೇಳುವವರಾರೂ ಇಲ್ಲ.

ಆ ಹುಡುಗನ ಪರವಾಗಿ ನಾಲ್ಕು ಮಾತು ಹೇಳುವುದು ಈ ವಾರದ ಉದ್ದೇಶ. ಆಟದ ವ್ಯಾಮೋಹವನ್ನು ಸಮರ್ಥಿಸಲು ನಾನು ಹೊರಟಿಲ್ಲ. ಅದು ಬೇರೆಯ ಪ್ರಶ್ನೆ, ಕೊನೆಯಲ್ಲಿ ಅದಕ್ಕೂ ಬರೋಣ. ಆದರೆ ಮನೆಯ ಇಂಟರ್‌ನೆಟ್ ಕುಂಟುವುದಕ್ಕೆ ಆಟವೇ ಕಾರಣವೆಂಬ ನಂಬಿಕೆ ಬಹುಮಟ್ಟಿಗೆ ನಿರಾಧಾರವಾದುದು. ಒಂದೇ ಸಂಪರ್ಕವನ್ನು ಹಲವರು ಹಂಚಿಕೊಂಡ ಮನೆಯಲ್ಲಿ ಆಟವಾಡುವವನು ಎಲ್ಲರಿಗಿಂತ ಕಡಿಮೆ ತೆಗೆದುಕೊಳ್ಳುತ್ತಾನೆ, ಎಲ್ಲರಿಗಿಂತ ಹೆಚ್ಚು ಕಷ್ಟಪಡುತ್ತಾನೆ. ಇದರ ಮರ್ಮವನ್ನರಿತು ಮನೆಯ ಜಾಲವನ್ನು ಕೊಂಚ ವಿವೇಕದಿಂದ ಕಟ್ಟಿಕೊಂಡರೆ ಪಾಠವೂ ಆಟವೂ ದೂರದ ಬಂಧುವಿನ ಮಾತೂ ಒಂದೇ ತಂತಿಯಲ್ಲಿ ನೆಮ್ಮದಿಯಿಂದ ಸಾಗಬಲ್ಲವು. ಅದಕ್ಕೆ ಬೇಕಾದ ಹಣ ಹೆಚ್ಚಿನದಲ್ಲ. ತಿಳಿವಳಿಕೆ ಮಾತ್ರ ಸ್ವಲ್ಪ ಬೇಕು.

ಹಂಚಿಕೆಯ ಗುಟ್ಟು

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅಂದು ಅದು ದೂರವಾಣಿಯ ತಂತಿಯಲ್ಲೇ ಬರುತ್ತಿತ್ತು. ಮನೆಯವರಲ್ಲೊಬ್ಬರು ಇಂಟರ್‌ನೆಟ್ ಬಳಸುತ್ತಿದ್ದರೆ ಉಳಿದವರಿಗೆ ದೂರವಾಣಿಯೂ ಇಲ್ಲ. ಹಂಚಿಕೊಳ್ಳುವ ಮಾತು ದೂರವೇ ಉಳಿಯಿತು. ೧೯೯೯ರಲ್ಲಿ ಬಂದ ವಿಂಡೋಸ್ ೯೮ರ ಎರಡನೆಯ ಆವೃತ್ತಿಯಲ್ಲಿ, ಒಂದು ಕಂಪ್ಯೂಟರಿನ ಸಂಪರ್ಕವನ್ನು ಮನೆಯ ಇತರ ಕಂಪ್ಯೂಟರುಗಳಿಗೂ ಹಂಚುವ ಏರ್ಪಾಟು ಸೇರಿತು. ೨೦೦೪ರಲ್ಲಿ ನಮ್ಮ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿಯನ್ನು ಪ್ರಕಟಿಸಿದಾಗ, ಸೆಕೆಂಡಿಗೆ ೨೫೬ ಕಿಲೋಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಬಹುದೆಂದು ನಿಗದಿಯಾಯಿತು. ಇಂದು ಜಿಲ್ಲಾಸ್ಥಳಗಳಲ್ಲಿಯೂ ಸೆಕೆಂಡಿಗೆ ಐವತ್ತು, ನೂರು ಮೆಗಾಬಿಟ್ ತರುವ ಗಾಜಿನೆಳೆ ಮನೆಯ ಗೋಡೆಯನ್ನು ಮುಟ್ಟಿದೆ. ಎಂದರೆ ನೂರಾರು ಪಟ್ಟು ವೃದ್ಧಿ. ಆದರೂ ಎಂಟು ಗಂಟೆಯ ಜಗಳ ನಿಂತಿಲ್ಲ. ಈ ಒಂದು ಸಂಗತಿಯೇ ನಮ್ಮನ್ನು ಯೋಚನೆಗೆ ಹಚ್ಚಬೇಕು: ಕೊರತೆ ವೇಗದ್ದೇ ಆಗಿದ್ದರೆ ಇಷ್ಟು ಹೊತ್ತಿಗೆ ಅದು ನೀಗಿರಬೇಕಿತ್ತು.

ಗೋಡೆಯಲ್ಲಿ ನೇತಾಡುವ ಆ ಪೆಟ್ಟಿಗೆ, ಅಂದರೆ ರೌಟರ್, ಮಾಡುವ ಕೆಲಸವನ್ನು ಮೊದಲು ನೋಡೋಣ. ಇಂಟರ್‌ನೆಟ್ಟಿನಲ್ಲಿ ಸಂಚರಿಸುವ ಸಮಾಚಾರವೆಲ್ಲವೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಪ್ರತಿ ಪೊಟ್ಟಣದ ಮೇಲೂ ಕಾಗದದ ಲಕೋಟೆಯ ಹಾಗೆ ಹೋಗಬೇಕಾದ ವಿಳಾಸ, ಕಳುಹಿಸಿದವರ ವಿಳಾಸ ಎರಡೂ ಇರುತ್ತವೆ. ಹಳೆಯ ವಿಳಾಸಪದ್ಧತಿಯಲ್ಲಿ ಒಟ್ಟು ಸುಮಾರು ೪೨೯ ಕೋಟಿ ವಿಳಾಸಗಳಿಗಷ್ಟೆ ಅವಕಾಶ. ಭೂಮಿಯ ಮೇಲಿನ ಜನಸಂಖ್ಯೆಗೇ ಅದು ಸಾಲದು. ಆದುದರಿಂದ ೧೯೯೪ರಲ್ಲಿ ಒಂದು ಉಪಾಯವನ್ನು ಬರೆದಿಡಲಾಯಿತು: ಮನೆಗೆಲ್ಲ ಹೊರಗಿನ ವಿಳಾಸ ಒಂದೇ, ಒಳಗೆ ಬೇಕಾದಷ್ಟು. ಒಳಗಿನ ಬಳಕೆಗೆಂದೇ ಕೆಲವು ವಿಳಾಸಗಳನ್ನು ೧೯೯೬ರಲ್ಲಿ ಮೀಸಲಿಟ್ಟರು. ನಿಮ್ಮ ಮನೆಯ ಫೋನಿನ ವಿಳಾಸವೂ ನೆರೆಮನೆಯ ಫೋನಿನ ವಿಳಾಸವೂ ‘೧೯೨.೧೬೮’ ಎಂದೇ ಆರಂಭವಾಗುವುದು ಈ ಕಾರಣದಿಂದ.

ಅವಿಭಕ್ತ ಕುಟುಂಬವೊಂದನ್ನು ನೆನೆಯಿರಿ. ಬೀದಿಗೆ ಕಾಣುವ ಬಾಗಿಲ ಸಂಖ್ಯೆ ಒಂದು. ಒಳಗೆ ಹತ್ತು ಮಂದಿ. ಯಾರು ಯಾರಿಗೆ ಕಾಗದ ಬರೆದರೆಂಬುದನ್ನು ಯಜಮಾನ ತನ್ನ ಕಡತದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಆ ಗುರುತನ್ನು ನೋಡಿ ಅವರವರ ಕೈಗೆ ಮುಟ್ಟಿಸುತ್ತಾನೆ. ರೌಟರ್ ಮಾಡುವುದು ಈ ಯಜಮಾನಿಕೆಯನ್ನೇ. ಹಂಚಿಕೆಯೆಂಬುದು ಇಷ್ಟು ಸರಳ.

ಇದರಲ್ಲೊಂದು ತೊಡಕೂ ಉಂಟು. ಒಳಗಿನವರು ಮೊದಲು ಬರೆದಿದ್ದರೆ ಮಾತ್ರ ಯಜಮಾನನಿಗೆ ಗುರುತು ಸಿಗುತ್ತದೆ. ಯಾರೂ ಬರೆಯದೆಯೇ ಹೊರಗಿನಿಂದ ಬಂದ ಕಾಗದವನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಆತ ಅದನ್ನು ಎಸೆದುಬಿಡುತ್ತಾನೆ. ನಿಮ್ಮ ಮಗ ತನ್ನ ಕಂಪ್ಯೂಟರಿನಲ್ಲಿ ಆಟದ ಕಣವನ್ನು ಸಿದ್ಧಪಡಿಸಿ ಹೊರಗಿನ ಗೆಳೆಯರನ್ನು ಕರೆದಾಗ ಅವರು ಒಳಗೆ ಬರಲಾರದೆ ಹೋಗುವುದು ಇದರಿಂದಲೇ. ಯಾವ ಬಾಗಿಲಿಗೆ ಬಂದುದನ್ನು ಯಾವ ಯಂತ್ರಕ್ಕೆ ಕೊಡಬೇಕೆಂದು ರೌಟರಿಗೆ ಮುಂಚೆಯೇ ಹೇಳಿಡಬಹುದು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು. ಆದರೆ ೨೦೧೧ರ ಫೆಬ್ರವರಿಯಲ್ಲಿ ಜಾಗತಿಕ ಭಂಡಾರದ ಹಳೆಯ ವಿಳಾಸಗಳು ಮುಗಿದುಹೋದವು. ಅನೇಕ ಸಂಪರ್ಕದಾತರು ಈಗ ಹಲವು ಮನೆಗಳನ್ನು ಒಟ್ಟುಗೂಡಿಸಿ ಒಂದೇ ವಿಳಾಸ ಕೊಡುತ್ತಾರೆ. ಯಜಮಾನನ ಮೇಲೆ ಇನ್ನೊಬ್ಬ ಯಜಮಾನನಿದ್ದ ಹಾಗೆ. ಅಂಥಲ್ಲಿ ನಿಮ್ಮ ರೌಟರಿಗೆ ಎಷ್ಟು ಹೇಳಿದರೂ ಫಲವಿಲ್ಲ. ಐಪಿ ಆರನೆಯ ಆವೃತ್ತಿಯೆಂಬ ಹೊಸ ವಿಳಾಸಪದ್ಧತಿಯನ್ನು ಬಳಸುವುದು, ಇಲ್ಲವೆ ಸ್ವತಂತ್ರ ವಿಳಾಸವೊಂದನ್ನು ಹಣ ತೆತ್ತು ಪಡೆಯುವುದು, ಇವೆರಡೇ ದಾರಿ. ಆಟದ ಕಂಪನಿಯ ಯಂತ್ರಕ್ಕೆ ಎಲ್ಲರೂ ತಾವಾಗಿಯೇ ಹೋಗಿ ಸೇರುವಂಥ ಆಟಗಳಿಗೆ ಈ ತೊಂದರೆಯಿಲ್ಲ.

ಅಗಲ ಬೇರೆ, ವಿಳಂಬ ಬೇರೆ

ಈಗ ಮುಖ್ಯ ವಿಚಾರಕ್ಕೆ ಬರೋಣ. ಸಂಪರ್ಕಕ್ಕೆ ಎರಡು ಗುಣಗಳುಂಟು. ಒಂದು ಸೆಕೆಂಡಿನಲ್ಲಿ ಎಷ್ಟು ಸರಕು ಸಾಗಬಲ್ಲುದು ಎಂಬುದು ಮೊದಲನೆಯದು. ಇದನ್ನು ರಸ್ತೆಯ ಅಗಲವೆನ್ನೋಣ. ಹೊರಟ ಪೊಟ್ಟಣ ಗುರಿ ಮುಟ್ಟಿ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುವುದು ಎಂಬುದು ಎರಡನೆಯದು, ಇದು ವಿಳಂಬ. ಜಾಹೀರಾತುಗಳೆಲ್ಲವೂ ಅಗಲವನ್ನು ಕುರಿತವೇ. ವಿಳಂಬದ ಮಾತನ್ನು ಯಾರೂ ಎತ್ತುವುದಿಲ್ಲ.

ಆಟಕ್ಕೆ ಬೇಕಾದ ಅಗಲ ಅತ್ಯಲ್ಪ. ಆಟಗಾರ ಎಲ್ಲಿ ನಿಂತಿದ್ದಾನೆ, ಯಾವ ಕಡೆ ತಿರುಗಿದ, ಯಾವ ಗುಂಡಿ ಒತ್ತಿದ ಎಂಬಷ್ಟನ್ನೇ ಅವನ ಯಂತ್ರ ತಿಳಿಸಬೇಕಾದುದು. ಚಿತ್ರಗಳನ್ನೆಲ್ಲ ಮನೆಯ ಕಂಪ್ಯೂಟರೇ ಬರೆದುಕೊಳ್ಳುತ್ತದೆ. ಸಾಮಾನ್ಯ ಓಟದ ಆಟಕ್ಕಾಗಲಿ ಗುಂಡಿನ ಆಟಕ್ಕಾಗಲಿ ಸೆಕೆಂಡಿಗೆ ಒಂದು ಮೆಗಾಬಿಟ್ ಕೂಡ ಬೇಕಾಗದು. ಚಿತ್ರಸಹಿತವಾದ ಒಂದು ಮಾತುಕತೆಗೆ ಇದರ ಹಲವು ಪಟ್ಟು ಬೇಕು. ಸಿನಿಮಾ ನೋಡುವುದಕ್ಕೆ ಇನ್ನೂ ಹೆಚ್ಚು. ಆದರೆ ಈ ಚಿಕ್ಕ ಪೊಟ್ಟಣಗಳು ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಸಿನಿಮಾ ನೋಡುವವರಿಗೆ ಯಂತ್ರ ಮುಂದಿನ ದೃಶ್ಯಗಳನ್ನು ಮೊದಲೇ ತಂದಿಟ್ಟುಕೊಳ್ಳುವುದರಿಂದ ಅರ್ಧ ಸೆಕೆಂಡಿನ ತಡ ಗೊತ್ತಾಗುವುದೇ ಇಲ್ಲ. ಆಟಗಾರನಿಗೆ ಅರ್ಧ ಸೆಕೆಂಡಿನ ತಡವೆಂದರೆ ಸೋಲು.

ವಿಳಂಬದಲ್ಲಿ ಒಂದು ಪಾಲು ಪ್ರಕೃತಿಯೇ ವಿಧಿಸಿದ್ದು. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ; ಎಂದರೆ ಒಂದು ಮಿಲಿಸೆಕೆಂಡಿಗೆ ೨೦೦ ಕಿಲೋಮೀಟರ್. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರವಾಗಿ ಅಳೆದರೂ ಮೂರು ಸಾವಿರ ಕಿಲೋಮೀಟರಿಗೆ ಮೀರಿದ ದೂರ. ಹೋಗಿ ಬರಲು ಮೂವತ್ತು ಮಿಲಿಸೆಕೆಂಡಾದರೂ ಹಿಡಿಯಲೇಬೇಕು. ಮುಂಬಯಿ ಇದರ ಮೂರನೆಯ ಒಂದು ಪಾಲಿಗಿಂತಲೂ ಹತ್ತಿರ. ಎಷ್ಟು ಹಣ ತೆತ್ತರೂ ಈ ಲೆಕ್ಕ ಬದಲಾಗದು. ಆದುದರಿಂದ ಆಟದ ಯಂತ್ರ ಯಾವ ಊರಿನಲ್ಲಿರಬೇಕೆಂದು ಆರಿಸುವ ಅವಕಾಶವಿದ್ದಲ್ಲಿ ಹತ್ತಿರದ್ದನ್ನೇ ಆರಿಸಿರಿ.

ಈ ದೂರದ ವಿಳಂಬವನ್ನು ಮರೆಮಾಚುವ ಕಲೆಯನ್ನು ಆಟ ಬರೆಯುವವರು ಬಹು ಹಿಂದೆಯೇ ಕಲಿತರು. ೧೯೯೬ರಲ್ಲಿ ಬಂದ ‘ಕ್ವೇಕ್‌ವರ್ಲ್ಡ್’ ಎಂಬ ಆಟದಲ್ಲಿ, ದೂರದ ಯಂತ್ರದ ಉತ್ತರಕ್ಕೆ ಕಾಯದೆ ಆಟಗಾರನ ಚಲನೆಯನ್ನು ಮನೆಯ ಯಂತ್ರವೇ ಊಹಿಸಿ ತೋರಿಸುವ ಉಪಾಯವನ್ನು ಜಾನ್ ಕಾರ್ಮ್ಯಾಕ್ ಅಳವಡಿಸಿದರು. ವಿಳಂಬ ಒಂದೇ ಸಮನಾಗಿದ್ದರೆ ಈ ಊಹೆ ಚೆನ್ನಾಗಿ ಸಾಗುತ್ತದೆ. ಒಮ್ಮೆ ನಲವತ್ತು, ಮರುಕ್ಷಣ ನಾನೂರು ಎಂದು ಏರುಪೇರಾದರೆ ಊಹೆ ಕೆಡುತ್ತದೆ. ಆ ಏರುಪೇರಿನ ಹುಟ್ಟು ಬಹುಪಾಲು ನಮ್ಮ ಮನೆಯಲ್ಲಿಯೇ.

ಸಾಲಿನ ಅನ್ಯಾಯ

ಅಂಚೆ ಕಚೇರಿಯ ಒಂದು ಕಿಟಕಿಯನ್ನು ಮನಸ್ಸಿಗೆ ತಂದುಕೊಳ್ಳಿರಿ. ವ್ಯಾಪಾರಿಯೊಬ್ಬ ಇನ್ನೂರು ಪಾರ್ಸಲ್ಲುಗಳನ್ನು ಹೊತ್ತು ತಂದು ಸಾಲಿನ ಮುಂದೆ ನಿಂತಿದ್ದಾನೆ. ಅವನ ಹಿಂದೆ ಕೈಯಲ್ಲೊಂದು ಕಾರ್ಡು ಹಿಡಿದ ಅಜ್ಜಿ. ಅಜ್ಜಿಯ ಕೆಲಸ ಅರೆಗಳಿಗೆಯದು. ಆದರೆ ಇನ್ನೂರು ಪಾರ್ಸಲ್ಲು ಮುಗಿಯುವ ತನಕ ಆಕೆ ನಿಂತಿರಬೇಕು. ಕಿಟಕಿಯ ಗುಮಾಸ್ತ ಎಷ್ಟೇ ಚುರುಕಾಗಿದ್ದರೂ ಈ ಅನ್ಯಾಯ ತಪ್ಪುವುದಿಲ್ಲ. ಅದು ಸಾಲಿನ ಕ್ರಮದಲ್ಲಿಯೇ ಅಡಗಿದೆ.

ನಿಮ್ಮ ಮನೆಯಲ್ಲಿ ಆ ವ್ಯಾಪಾರಿ ಯಾರು? ಅನೇಕ ಮನೆಗಳಲ್ಲಿ ಅದು ತಂದೆಯ ಜೇಬಿನಲ್ಲಿರುವ ಫೋನು. ಸಂಜೆ ಕಚೇರಿಯಿಂದಲೋ ಮದುವೆಯ ಮನೆಯಿಂದಲೋ ಹಿಂದಿರುಗಿ ಹೊಸಿಲು ದಾಟುತ್ತಲೇ ಆ ಫೋನು ಮನೆಯ ವೈಫೈಗೆ ಸೇರಿಕೊಂಡು, ದಿನವೆಲ್ಲ ತೆಗೆದ ಚಿತ್ರಗಳನ್ನೂ ಚಲನಚಿತ್ರಗಳನ್ನೂ ದೂರದ ಭಂಡಾರಕ್ಕೆ ಸದ್ದಿಲ್ಲದೆ ಏರಿಸತೊಡಗುತ್ತದೆ. ಯಾರೂ ಅದನ್ನು ನೋಡುವುದಿಲ್ಲ. ತಂದೆ ವೃತ್ತಪತ್ರಿಕೆ ಹಿಡಿದು ಕುಳಿತಿರುತ್ತಾರೆ. ಬೈಸಿಕೊಳ್ಳುವವನು ಮಗ.

ಲೆಕ್ಕ ಹಾಕಿ ನೋಡಿರಿ. ಹೊರಹೋಗುವ ದಾರಿಯ ಅಗಲ ಸೆಕೆಂಡಿಗೆ ೧೦ ಮೆಗಾಬಿಟ್ ಎನ್ನೋಣ. ಸಾಲು ನಿಲ್ಲಿಸಿಕೊಳ್ಳಲು ಪೆಟ್ಟಿಗೆಯಲ್ಲಿ ಒಂದು ಮೆಗಾಬೈಟ್, ಅಂದರೆ ೮ ಮೆಗಾಬಿಟ್ ಜಾಗವಿದೆಯೆನ್ನೋಣ. ಚಿತ್ರಗಳು ಆ ಜಾಗವನ್ನು ತುಂಬಿದವೆಂದರೆ ಹೊಸದಾಗಿ ಬಂದ ಪೊಟ್ಟಣ ೮೦೦ ಮಿಲಿಸೆಕೆಂಡು ಕಾಯಬೇಕು. ಸಿಂಗಪುರಕ್ಕೆ ಹೋಗಿ ಬರುವ ಬೆಳಕಿನ ಲೆಕ್ಕ ಮೂವತ್ತು. ಮನೆಯ ಪೆಟ್ಟಿಗೆಯನ್ನು ದಾಟಲು ಎಂಟು ನೂರು! ಮಗಳ ಪಾಠವೂ ತಾಯಿಯ ಮಾತೂ ಮಗನ ಆಟವೂ ಒಟ್ಟಿಗೆ ಕುಂಟುವುದು ಹೀಗೆ.

ಸಾಲಿಗೆ ಜಾಗ ಹೆಚ್ಚಾದಷ್ಟೂ ಒಳ್ಳೆಯದೆಂಬ ಭ್ರಮೆ ಯಂತ್ರ ಮಾಡುವವರನ್ನೂ ಬಹುಕಾಲ ಬಿಡಲಿಲ್ಲ. ಅಮೆರಿಕದ ಜಾನ್ ನೇಗಲ್ ಎಂಬವರು ೧೯೮೫ರಲ್ಲಿಯೇ, ಸಾಲಿಗೆ ಅಪರಿಮಿತವಾದ ಜಾಗ ಕೊಟ್ಟರೂ ದಟ್ಟಣೆ ತಪ್ಪದೆಂದು ತೋರಿಸಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಸಾಲು ಮಾಡಿ ಸರದಿಯ ಮೇಲೆ ಒಂದೊಂದನ್ನೇ ಬಿಡಬೇಕೆಂದು ಸೂಚಿಸಿದ್ದರು. ಮರುವರ್ಷದ ಅಕ್ಟೋಬರಿನಲ್ಲಿ ಬರ್ಕ್‌ಲಿಯ ಪ್ರಯೋಗಾಲಯಕ್ಕೂ ಅಲ್ಲಿನ ವಿಶ್ವವಿದ್ಯಾನಿಲಯಕ್ಕೂ ನಡುವೆ, ಕೇವಲ ನಾನೂರು ಗಜದ ದೂರದಲ್ಲಿ, ಸೆಕೆಂಡಿಗೆ ೩೨,೦೦೦ ಬಿಟ್ ಸಾಗುತ್ತಿದ್ದ ಸಮಾಚಾರ ದಟ್ಟಣೆಯಿಂದ ೪೦ ಬಿಟ್ಟಿಗೆ ಕುಸಿಯಿತು. ಅದನ್ನು ಕಂಡ ವ್ಯಾನ್ ಜೇಕಬ್‌ಸನ್ ಅವರು ದಟ್ಟಣೆಯನ್ನು ಅರಿತು ತಾನಾಗಿಯೇ ವೇಗ ತಗ್ಗಿಸಿಕೊಳ್ಳುವ ಕ್ರಮವನ್ನು ರೂಪಿಸಿದರು. ಇಂದಿನ ಇಂಟರ್‌ನೆಟ್ ನಿಂತಿರುವುದು ಅದರ ಮೇಲೆ. ಆದರೆ ಆ ಕ್ರಮಕ್ಕೊಂದು ಸೂಚನೆ ಬೇಕು: ಸಾಲು ತುಂಬಿದಾಗ ಒಂದು ಪೊಟ್ಟಣವನ್ನು ಕೆಳಗೆ ಬಿಡಬೇಕು, ಅದು ಕಳೆದುದನ್ನು ಕಂಡೇ ಕಳುಹಿಸುವವನು ನಿಧಾನಿಸುತ್ತಾನೆ. ಮೆಮೊರಿ ಅಗ್ಗವಾಗುತ್ತ ಹೋದಂತೆ ಪೆಟ್ಟಿಗೆಗಳ ಸಾಲಿನ ಜಾಗ ಬೆಳೆಯಿತು, ಸೂಚನೆ ತಡವಾಗತೊಡಗಿತು. ೨೦೧೦ರಲ್ಲಿ ಜಿಮ್ ಗೆಟ್ಟಿಸ್ ಅವರು ತಮ್ಮ ಮನೆಯ ಸಂಪರ್ಕದಲ್ಲಿಯೇ ಇದನ್ನು ಕಂಡು ಜಗತ್ತಿಗೆ ಸಾರಿದರು. ‘ಬಫರ್‌ಬ್ಲೋಟ್’, ಅಂದರೆ ಸಾಲಿನ ಉಬ್ಬರ, ಎಂಬ ಹೆಸರು ಅಂದಿನಿಂದ ರೂಢಿಗೆ ಬಂತು. ೨೦೧೨ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್‌ಸನ್ ಪರಿಹಾರವೊಂದನ್ನು ಪ್ರಕಟಿಸಿದರು. ಸಾಲಿನ ಉದ್ದವನ್ನು ಎಣಿಸುವ ಬದಲು, ಪೊಟ್ಟಣ ಅಲ್ಲಿ ನಿಂತ ಹೊತ್ತನ್ನು ಅಳೆಯಬೇಕು. ಐದು ಮಿಲಿಸೆಕೆಂಡಿಗೆ ಮೀರಿದ ಕಾಯುವಿಕೆ ನೂರು ಮಿಲಿಸೆಕೆಂಡಿನವರೆಗೂ ಇಳಿಯದಿದ್ದರೆ ಪೊಟ್ಟಣವನ್ನು ಬಿಟ್ಟು ಎಚ್ಚರಿಸಬೇಕು. ಇದಕ್ಕೆ ನೇಗಲ್ ಅವರ ಬೇರೆ ಬೇರೆ ಸಾಲಿನ ವಿಚಾರವನ್ನೂ ಕೂಡಿಸಿದಾಗ ಅಂಚೆ ಕಚೇರಿಯ ಅಜ್ಜಿಗೆ ನ್ಯಾಯ ಸಿಕ್ಕಿತು.

ಮನೆಯಲ್ಲಿಯೇ ಪರೀಕ್ಷೆ

ನಂಬುವ ಮುನ್ನ ಪರೀಕ್ಷಿಸಿ ನೋಡಿರಿ. ಕಂಪ್ಯೂಟರಿನ ಆಜ್ಞಾಫಲಕದಲ್ಲಿ ‘ಪಿಂಗ್’ ಎಂಬ ಪದವನ್ನೂ ಅದರ ಮುಂದೆ ಒಂದು ವಿಳಾಸವನ್ನೂ ಬರೆದರೆ, ಹೋಗಿ ಬರಲು ಹಿಡಿದ ಹೊತ್ತನ್ನು ಯಂತ್ರ ಮಿಲಿಸೆಕೆಂಡುಗಳಲ್ಲಿ ತಿಳಿಸುತ್ತದೆ. ಇಂಥ ಎರಡು ಕಿಟಕಿಗಳನ್ನು ತೆರೆದು, ಒಂದರಲ್ಲಿ ನಿಮ್ಮ ರೌಟರಿನ ವಿಳಾಸವನ್ನೂ ಇನ್ನೊಂದರಲ್ಲಿ ಹೊರಗಿನ ಯಾವುದಾದರೊಂದು ಪ್ರಸಿದ್ಧ ತಾಣದ ವಿಳಾಸವನ್ನೂ ಕೊಡಿರಿ. ರೌಟರಿನ ವಿಳಾಸ ಸಾಮಾನ್ಯವಾಗಿ ಪೆಟ್ಟಿಗೆಯ ಬೆನ್ನಿನ ಮೇಲೆ ಅಚ್ಚಾಗಿರುತ್ತದೆ. ಮನೆಯಲ್ಲಿ ಯಾರೂ ಏನನ್ನೂ ಬಳಸದಿರುವಾಗ ಒಮ್ಮೆ ನೋಡಿರಿ. ಬಳಿಕ ಫೋನಿನಿಂದ ದೊಡ್ಡದೊಂದು ಚಲನಚಿತ್ರವನ್ನು ಏರಿಸುತ್ತ ಇನ್ನೊಮ್ಮೆ ನೋಡಿರಿ.

ಫಲ ಮೂರು ಬಗೆಯಾಗಿರಬಹುದು. ರೌಟರಿನಿಂದ ಬರುವ ಉತ್ತರವೇ ಏರುಪೇರಾಗುತ್ತಿದ್ದರೆ, ದೋಷ ರೌಟರಿಗೂ ಕಂಪ್ಯೂಟರಿಗೂ ನಡುವಣ ವೈಫೈನದು. ರೌಟರಿನ ಉತ್ತರ ಸ್ಥಿರವಾಗಿದ್ದು, ಚಿತ್ರ ಏರಿಸುವಾಗ ಹೊರಗಿನ ಉತ್ತರ ಮಾತ್ರ ಹಲವು ಪಟ್ಟು ತಡವಾದರೆ ಅದು ಸಾಲಿನ ಉಬ್ಬರ. ಎರಡೂ ಸ್ಥಿರವಾಗಿದ್ದು ಆಟ ಮಾತ್ರ ಕುಂಟಿದರೆ ಆಟದ ಯಂತ್ರ ದೂರದಲ್ಲಿದೆ, ಇಲ್ಲವೆ ಅದರ ಮೇಲೆ ಭಾರ ಹೆಚ್ಚಾಗಿದೆ. ಗಾಳಿ, ಸಾಲು, ದೂರ: ಆಪಾದಿತರು ಈ ಮೂವರೇ. ಯಾರೆಂದು ತಿಳಿಯದೆ ಹೆಚ್ಚಿನ ವೇಗದ ಯೋಜನೆಗೆ ಹಣ ತೆರುವುದು, ರೋಗ ತಿಳಿಯದೆ ಮದ್ದು ಕುಡಿದಂತೆ.

ಪರಿಹಾರ

ಸಾಲಿನ ಉಬ್ಬರಕ್ಕೆ ಮದ್ದು ರೌಟರಿನ ವ್ಯವಸ್ಥೆಯ ಪುಟದಲ್ಲಿದೆ. ಕೆಲವು ರೌಟರುಗಳಲ್ಲಿ ‘ಕ್ಯೂಓಎಸ್’ ಎಂದೂ ಕೆಲವದರಲ್ಲಿ ‘ಎಸ್‌ಕ್ಯೂಎಂ’ ಎಂದೂ ಅದನ್ನು ಕರೆಯುತ್ತಾರೆ. ಅದನ್ನು ಚಾಲೂ ಮಾಡಿ, ನಿಮ್ಮ ಸಂಪರ್ಕದ ವೇಗವನ್ನು ಅಳೆದು, ಅದರ ಹತ್ತರಲ್ಲಿ ಒಂಬತ್ತು ಪಾಲನ್ನು ಮಿತಿಯಾಗಿ ಬರೆಯಿರಿ. ಒಂದು ಪಾಲನ್ನು ಬಿಟ್ಟುಕೊಡುವುದೇಕೆ ಎಂದು ಕೇಳಬಹುದು. ಸಾಲು ಕಂಪನಿಯ ಪೆಟ್ಟಿಗೆಯಲ್ಲಿ ನಿಲ್ಲದೆ ನಮ್ಮ ಹಿಡಿತದಲ್ಲಿರುವ ಪೆಟ್ಟಿಗೆಯಲ್ಲಿ ನಿಂತರೆ ಮಾತ್ರ ನಾವು ನ್ಯಾಯ ಹಂಚಬಲ್ಲೆವು. ಆ ಒಂದು ಪಾಲು ನ್ಯಾಯದ ಶುಲ್ಕ.

ಕಂಪನಿಯವರು ಕೊಟ್ಟ ಪೆಟ್ಟಿಗೆಯಲ್ಲಿ ಈ ಸೌಕರ್ಯ ಇಲ್ಲದಿದ್ದರೆ, ಅದುಳ್ಳ ರೌಟರೊಂದನ್ನು ಕೊಂಡು ಅದರ ಹಿಂದೆ ಜೋಡಿಸಬಹುದು. ಆಗ ಕಂಪನಿಯ ಪೆಟ್ಟಿಗೆಯನ್ನು ‘ಬ್ರಿಜ್’ ಕ್ರಮಕ್ಕೆ ತಿರುಗಿಸಬೇಕು. ಇಲ್ಲವಾದರೆ ಒಂದೇ ಮನೆಗೆ ಇಬ್ಬರು ಯಜಮಾನರಾಗುತ್ತಾರೆ. ಕೊಳ್ಳುವ ಮನಸ್ಸಿಲ್ಲದವರಿಗೆ ಖರ್ಚಿಲ್ಲದ ದಾರಿಯೂ ಉಂಟು. ಫೋನುಗಳ ಚಿತ್ರ ಏರಿಸುವ ಏರ್ಪಾಟನ್ನು ಸಂಜೆಯ ಹೊತ್ತು ನಿಲ್ಲಿಸಿ, ಮಲಗುವ ಮುನ್ನ ಚಾಲೂ ಮಾಡಿದರೆ ಬೆಳಗಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಇಲ್ಲಿ ಹುಡುಗನ ಪಾಲಿನ ಹೊಣೆಯನ್ನೂ ಹೇಳಿಬಿಡಬೇಕು. ಆಟ ಆಡುವುದು ಹಗುರ. ಆಟವನ್ನು ತರಿಸಿಕೊಳ್ಳುವುದು ಮಹಾಭಾರ. ಇಂದಿನ ದೊಡ್ಡ ಆಟವೊಂದು ೬೦ ಗಿಗಾಬೈಟಿನದಾಗಿದ್ದರೆ, ಸೆಕೆಂಡಿಗೆ ೫೦ ಮೆಗಾಬಿಟ್ಟಿನ ಸಂಪರ್ಕವನ್ನು ಪೂರ್ತಿಯಾಗಿ ಹಿಡಿದರೂ ಅದು ಇಳಿಯಲು ಎರಡು ಗಂಟೆ ನಲವತ್ತು ನಿಮಿಷ ಬೇಕು. ಅದನ್ನು ಸಂಜೆ ಏಳಕ್ಕೆ ಆರಂಭಿಸುವವನು ಇನ್ನೂರು ಪಾರ್ಸಲ್ಲಿನ ವ್ಯಾಪಾರಿಯೇ ಸರಿ. ಇಳಿಸುವ ವೇಳೆಯನ್ನೂ ವೇಗದ ಮಿತಿಯನ್ನೂ ನಿಗದಿಮಾಡುವ ಅವಕಾಶ ಆಟ ಮಾರುವ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಉಂಟು. ಅದನ್ನು ಬಳಸುವುದು ಆಟಗಾರನ ಧರ್ಮ.

ಗಾಳಿಗಿಂತ ತಂತಿ ಮೇಲು

ಪರೀಕ್ಷೆಯಲ್ಲಿ ದೋಷ ವೈಫೈನದೆಂದು ಕಂಡರೆ ಪರಿಹಾರ ಬೇರೆ. ವೈಫೈ ಎಂಬುದು ಒಂದೇ ಕೋಣೆಯಲ್ಲಿ ಕುಳಿತ ಹಲವರ ಸಂಭಾಷಣೆ. ಒಮ್ಮೆಗೆ ಒಬ್ಬರೇ ಮಾತನಾಡಬೇಕು. ಇಬ್ಬರು ಒಟ್ಟಿಗೆ ಬಾಯ್ತೆರೆದರೆ ಇಬ್ಬರ ಮಾತೂ ಕೆಟ್ಟು ಮತ್ತೆ ಹೇಳಬೇಕಾಗುತ್ತದೆ. ನೆರೆಮನೆಯ ವೈಫೈ ಕೂಡ ಅದೇ ಕೋಣೆಯಲ್ಲಿ ಕುಳಿತಿರುತ್ತದೆ. ೨.೪ ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಒಂದನ್ನೊಂದು ಮುಟ್ಟದ ದಾರಿಗಳು ಸಾಮಾನ್ಯ ಬಳಕೆಯಲ್ಲಿ ಮೂರೇ: ೧, ೬ ಮತ್ತು ೧೧. ಅಡುಗೆಮನೆಯ ಮೈಕ್ರೋವೇವ್ ಒಲೆಯ ಅಲೆಗಳೂ ಅದೇ ಪಟ್ಟಿಯವು. ೫ ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಜಾಗ ಹೆಚ್ಚು, ವೇಗವೂ ಹೆಚ್ಚು. ಆದರೆ ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. ಕರಾವಳಿಯ ಮುರಕಲ್ಲಿನ ಗೋಡೆ, ಮಲೆನಾಡಿನ ಹಳೆಯ ಮನೆಗಳ ಮೊಳದಗಲದ ಮಣ್ಣಿನ ಗೋಡೆ, ಬಯಲುಸೀಮೆಯ ಕಲ್ಲಿನ ಗೋಡೆ, ಪೇಟೆಯ ಕಾಂಕ್ರೀಟು, ಎಲ್ಲವೂ ಅಲೆಗಳಿಗೆ ಅಡ್ಡಿಯೇ. ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದೆಯೋ ಟೆಲಿವಿಷನ್ನಿನ ಬೆನ್ನಿಗೋ ಅಡಗಿಸಿಡದೆ, ಮನೆಯ ನಡುವೆ ಎತ್ತರದಲ್ಲಿಟ್ಟರೆ ಅರ್ಧ ತೊಂದರೆ ಖರ್ಚಿಲ್ಲದೆ ನೀಗುತ್ತದೆ.

ಉಳಿದರ್ಧಕ್ಕೆ ಮದ್ದು ತಂತಿ. ಈಥರ್‌ನೆಟ್ ಎಂಬ ಈ ಏರ್ಪಾಟನ್ನು ರಾಬರ್ಟ್ ಮೆಟ್‌ಕಾಫ್ ಅವರು ೧೯೭೩ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿ ಕಲ್ಪಿಸಿದರು. ಡೇವಿಡ್ ಬಾಗ್ಸ್ ಅವರೊಡನೆ ಕೂಡಿ ಅದನ್ನು ಕಟ್ಟಿದರು. ಬೆಳಕನ್ನು ಹೊರುವ ‘ಈಥರ್’ ಎಂಬ ವಸ್ತುವಿದೆಯೆಂದು ಹಿಂದಿನ ವಿಜ್ಞಾನಿಗಳು ನಂಬಿದ್ದರಷ್ಟೆ. ಆ ನಂಬಿಕೆ ಬಿದ್ದುಹೋದರೂ ಹೆಸರು ಈ ತಂತಿಯಲ್ಲಿ ಉಳಿಯಿತು. ‘ಕ್ಯಾಟ್ ೫ಇ’ ಅಥವಾ ‘ಕ್ಯಾಟ್ ೬’ ಎಂದು ಅಚ್ಚಾದ, ಶುದ್ಧ ತಾಮ್ರದ ಕೇಬಲನ್ನು ಕೊಳ್ಳಿರಿ. ತಾಮ್ರದ ಲೇಪವುಳ್ಳ ಅಲ್ಯೂಮಿನಿಯಮ್ ತಂತಿಯನ್ನು ಮುಟ್ಟಬೇಡಿರಿ. ನೂರು ಮೀಟರಿನವರೆಗೆ ಸೆಕೆಂಡಿಗೆ ಸಾವಿರ ಮೆಗಾಬಿಟ್ಟನ್ನು ಅದು ಹೊರಬಲ್ಲುದು. ಅದರೊಳಗೆ ನಾಲ್ಕು ಜೊತೆಯಾಗಿ ಹೆಣೆದ ಎಂಟು ಎಳೆಗಳಿವೆ. ಸಾವಿರದ ವೇಗಕ್ಕೆ ಎಂಟೂ ಬೇಕು. ಒಂದು ಎಳೆ ಸಡಿಲವಾಗಿದ್ದರೆ ವೇಗ ಸಾಮಾನ್ಯವಾಗಿ ನೂರಕ್ಕೆ ಇಳಿದು ನಿಲ್ಲುತ್ತದೆ. ವೇಗ ನೂರರ ಗಡಿಯಲ್ಲೇ ನಿಂತ ಮನೆಗಳಲ್ಲಿ ಮೊದಲು ನೋಡಬೇಕಾದುದು ಕೇಬಲಿನ ತುದಿಯನ್ನು. ಕಂಪ್ಯೂಟರ್, ಟೆಲಿವಿಷನ್ ಮೊದಲಾದ ಕದಲದ ಯಂತ್ರಗಳಿಗೆಲ್ಲ ತಂತಿ ಕೊಟ್ಟರೆ ಗಾಳಿ ಫೋನುಗಳ ಪಾಲಿಗೆ ಉಳಿಯುತ್ತದೆ. ತಂತಿ ಪಡೆದವರಿಗೂ ಪಡೆಯದವರಿಗೂ ಲಾಭವೇ. ಹೊಸಮನೆ ಕಟ್ಟಿಸುವವರು ವಿದ್ಯುತ್ತಿನ ಕೊಳವೆ ಹಾಕಿಸುವಾಗಲೇ ಇದಕ್ಕೊಂದು ಬೇರೆಯ ಕೊಳವೆಯನ್ನು ಕೋಣೆ ಕೋಣೆಗೂ ಹಾಕಿಸಿಡಲಿ.

ಮನೆಯೊಳಗಿನ ಆಟ

ಹೀಗೆ ತಂತಿ ಎಳೆದ ಮನೆಗೆ ಇನ್ನೊಂದು ಭಾಗ್ಯವೂ ಒದಗುತ್ತದೆ. ಬೇಸಗೆಯ ರಜೆಯಲ್ಲಿ ಅತ್ತೆಯ ಮಕ್ಕಳೂ ಚಿಕ್ಕಪ್ಪನ ಮಕ್ಕಳೂ ಸೇರಿದಾಗ ಎಲ್ಲರೂ ಒಟ್ಟಿಗೆ ಆಡಬಹುದು. ಅದಕ್ಕೆ ಹೊರಗಿನ ಇಂಟರ್‌ನೆಟ್ ಎಲ್ಲ ಆಟಗಳಿಗೂ ಬೇಕಾಗಿಲ್ಲ. ೧೯೯೩ರ ಡಿಸೆಂಬರಿನಲ್ಲಿ ಹೊರಬಂದ ‘ಡೂಮ್’ ಎಂಬ ಆಟ ನಾಲ್ವರು ಒಂದೇ ಜಾಲದಲ್ಲಿ ಸೇರಿ ಆಡುವ ರುಚಿಯನ್ನು ಹಚ್ಚಿತು. ಅದರ ಮೊದಲ ಆವೃತ್ತಿ ಪ್ರತಿ ಪೊಟ್ಟಣವನ್ನೂ ಜಾಲದ ಎಲ್ಲ ಯಂತ್ರಗಳಿಗೂ ಕೂಗಿ ಹೇಳುತ್ತಿತ್ತು. ಅದರಿಂದ ಕಚೇರಿ, ಕಾಲೇಜುಗಳ ಜಾಲಗಳು ಬಳಲಿದವು. ಹಲವೆಡೆ ಆಟಕ್ಕೆ ನಿಷೇಧವೂ ಬಂತು. ಆಟ ಜಾಲವನ್ನು ನುಂಗುತ್ತದೆಂಬ ಅಪಕೀರ್ತಿಗೆ ಆಗ ಆಧಾರವಿತ್ತು. ಆ ದೋಷವನ್ನು ಬೇಗನೆ ತಿದ್ದಲಾಯಿತು. ಅಪಕೀರ್ತಿ ಮಾತ್ರ ಉಳಿದುಕೊಂಡಿತು.

ಇಂದೂ ‘ಮೈನ್‌ಕ್ರಾಫ್ಟ್’ ಮೊದಲಾದ ಕೆಲವು ಆಟಗಳನ್ನು ಮನೆಯ ಜಾಲದೊಳಗೇ ಕೂಡಿ ಆಡಬಹುದು. ಸ್ವಿಚ್ ಎಂಬ ಸಣ್ಣ ಪೆಟ್ಟಿಗೆಯೊಂದು, ಕಂಪ್ಯೂಟರಿಗೊಂದರಂತೆ ಕೇಬಲು, ಇಷ್ಟಿದ್ದರೆ ಸಾಕು. ಪೊಟ್ಟಣಗಳು ಬೀದಿಗೆ ಇಳಿಯುವುದೇ ಇಲ್ಲವಾದ್ದರಿಂದ ವಿಳಂಬ ಒಂದು ಮಿಲಿಸೆಕೆಂಡಿನ ಆಸುಪಾಸು. ಒಂದೇ ಚಾವಡಿಯಲ್ಲಿ ಕುಳಿತು ಮುಖ ನೋಡಿಕೊಂಡು ಆಡುವ ಆಟಕ್ಕೂ, ಕಾಣದವರೊಡನೆ ಕದವಿಕ್ಕಿಕೊಂಡು ಆಡುವ ಆಟಕ್ಕೂ ವ್ಯತ್ಯಾಸವನ್ನು ಹಿರಿಯರೂ ಗಮನಿಸಬಹುದು.

ಕೆಲವು ಎಚ್ಚರಿಕೆಗಳು

ಪೆಟ್ಟಿಗೆಯೊಡನೆ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸಿರಿ. ವೈಫೈಗೆ ‘ಡಬ್ಲ್ಯೂಪಿಎ೨’ ಅಥವಾ ‘ಡಬ್ಲ್ಯೂಪಿಎ೩’ ಎಂಬ ಕಾಪನ್ನೇ ಆರಿಸಿರಿ. ಬಂದುಹೋಗುವವರಿಗಾಗಿ ಅತಿಥಿಗಳ ವೈಫೈಯನ್ನು ಬೇರೆಯಾಗಿ ತೆರೆಯಿರಿ. ನಿಮ್ಮ ಸಂಪರ್ಕದಿಂದ ಯಾರಾದರೂ ಅಪರಾಧವೆಸಗಿದರೆ ವಿಚಾರಣೆ ಮೊದಲು ಬರುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ.

ವಿದ್ಯುತ್ ಕೈಕೊಟ್ಟಾಗ ರೌಟರಿಗೆ ಬೇಕಾದ ಶಕ್ತಿ ಅಲ್ಪವೇ. ಅದಕ್ಕೆಂದೇ ಮಾರುವ ಪುಟ್ಟ ಬ್ಯಾಟರಿ ಪೆಟ್ಟಿಗೆಯೊಂದು ಪಾಠವನ್ನು ನಡುವೆ ಕಡಿಯದಂತೆ ಉಳಿಸುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಸಂಜೆಗಳಲ್ಲಿ ಮಾತ್ರ ರೌಟರಿನ ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡುವುದು ಜಾಣತನ. ಗಾಜಿನೆಳೆ ಸಿಡಿಲಿನ ವಿದ್ಯುತ್ತನ್ನು ಒಯ್ಯದಿದ್ದರೂ ಗೋಡೆಯ ವಿದ್ಯುತ್ ತಂತಿ ಒಯ್ಯುತ್ತದೆ. ಅದೇ ಕಾರಣದಿಂದ ಎರಡು ಮನೆಗಳ ನಡುವೆ ಬಯಲಿನಲ್ಲಿ ತಾಮ್ರದ ಕೇಬಲನ್ನು ಎಳೆಯಬ���ರದು.

ಇನ್ನು ಮೊದಲೇ ಹೇಳಿದ ಆ ಬೇರೆಯ ಪ್ರಶ್ನೆ. ರೌಟರ್ ತಂತಿಯನ್ನು ನ್ಯಾಯವಾಗಿ ಹಂಚಬಲ್ಲುದು; ಹೊತ್ತನ್ನು ಹಂಚಲಾರದು. ಹುಡುಗ ಎಷ್ಟು ಗಂಟೆ ಆಡಬೇಕು, ಯಾವಾಗ ಮಲಗಬೇಕು, ಪುಸ್ತಕಕ್ಕೆ ಎಷ್ಟು ಹೊತ್ತು ಎಂಬುದನ್ನು ಮನೆಯವರು ಕೂತು ಮಾತನಾಡಿ ತೀರ್ಮಾನಿಸಬೇಕಾದುದೇ. ಆದರೆ ಆ ಮಾತಿಗೆ ತೂಕ ಬರಬೇಕಾದರೆ ಹಿರಿಯರ ಆಪಾದನೆ ಸತ್ಯವಾಗಿರಬೇಕು. “ನಿನ್ನ ಆಟದಿಂದ ಅಕ್ಕನ ಪಾಠ ಕೆಟ್ಟಿತು” ಎಂದು ತಂದೆ ಗದರಿಸುತ್ತಾರೆ. ಅದು ಸುಳ್ಳೆಂದು ಹುಡುಗನಿಗೆ ಗೊತ್ತಿರುತ್ತದೆ. ಮರುದಿನ ಅದೇ ತಂದೆ “ನಿನ್ನ ನಿದ್ದೆ ಕೆಡುತ್ತಿದೆ” ಎಂದು ನಿಜವನ್ನೇ ಹೇಳಿದಾಗಲೂ ಅವನ ಕಿವಿ ಮುಚ್ಚಿರುತ್ತದೆ. ಒಂದು ಸುಳ್ಳು ಆಪಾದನೆಗೆ ಮನೆ ತೆರುವ ಬೆಲೆ ಇದು, ಕಂಪನಿಯ ಬಿಲ್ಲಿಗಿಂತ ದುಬಾರಿಯಾದದ್ದು.

ಆದುದರಿಂದ ನನ್ನ ಸಲಹೆ ಇಷ್ಟು. ಮನೆಯ ಜಾಲವನ್ನು ಕಟ್ಟುವ, ನೋಡಿಕೊಳ್ಳುವ ಕೆಲಸವನ್ನು ಆ ಹುಡುಗನಿಗೇ ಒಪ್ಪಿಸಿರಿ. ಪರೀಕ್ಷೆಯನ್ನು ಅವನೇ ಮಾಡಿ ಫಲವನ್ನು ಮನೆಯವರೆಲ್ಲರ ಮುಂದಿಡಲಿ. ಅಕ್ಕನ ಪಾಠ ತಡೆಯದಂತೆ, ತಾಯಿಯ ಮಾತು ಮುರಿಯದಂತೆ ಸಾಲನ್ನು ಸರಿಪಡಿಸುವ ಹೊಣೆ ಅವನದಾಗಲಿ. ಹತ್ತು ಮೀಟರ್ ಕೇಬಲಿಗೆ ಬೇಕಾದ ಹಣವನ್ನು ಮಾತ್ರ ಈ ತಿಂಗಳ ಮನೆಖರ್ಚಿನಲ್ಲಿ ತೆಗೆದಿಡಿರಿ.